ಸ್ಕೋಪ್ ಕೂರಿಸಲು ನಳಿಗೆಯೊಳಗೆ ನೋಡುವುದೋ, ಲೇಸರ್ ಹಾಕುವುದೋ?

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಹೊಡೆಯಲು ಓಪನ್ ಸೈಟೇ (ನಳಿಗೆಯ ಮೇಲಿನ, ಬರಿಗಣ್ಣಿನಿಂದ ನೋಡುವ ಗುರಿಗುರುತು) ಸಾಕು. .22 ಕೋವಿಯಲ್ಲಿ 100 ಮೀಟರ್ ದೂರದ ಕಾಗದದ ಗುರಿಗೆ ಕೂತಾಗ ಸ್ಕೋಪಿನ (ಕೋವಿಯ ಮೇಲೆ ಕೂರಿಸುವ ಗುರಿ ದುರ್ಬೀನಿನ) ಸಣ್ಣ ವಾರೆಯೂ ಲೆಕ್ಕಕ್ಕೆ ಬರುತ್ತದೆ. ಸ್ಕೋಪನ್ನು ನಳಿಗೆಯ ನೇರಕ್ಕೆ ತರುವ ಎರಡೂ ವಿಧಾನ ಮಾಡಿ ನೋಡಿದ ಮೇಲೆ ನಮ್ಮ ಮತ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ತುಂಡು) ತೆಗೆದು ನಳಿಗೆಯೊಳಗೆ ನೋಡುವುದಕ್ಕೆ. ಖರ್ಚಿಲ್ಲ ಅನ್ನುವುದಷ್ಟೇ ಕಾರಣವಲ್ಲ.

ಚೇಂಬರ್ (ತೋಟೆ ಕೂರುವ ಗೂಡು) ಖಾಲಿ ಇದೆಯೇ ನೋಡಿ, ಬೋಲ್ಟ್ ತೆಗೆಯಿರಿ. ಮರಳು ತುಂಬಿದ ಗೋಣಿಯ ಮೇಲೆ ಕೋವಿ ಅಲುಗದಂತೆ ಕೂರಬೇಕು. (ಕಾಫಿ ಗೋಣಿಯಾದರೆ ಒಳಗೊಂದು ಗೊಬ್ಬರದ ಪ್ಲಾಸ್ಟಿಕ್ ಚೀಲ ಇರಲಿ, ಇಲ್ಲವಾದರೆ ಮರಳು ಸೋರುತ್ತದೆ.) 25 ಮೀಟರ್ ದೂರದ ಕಪ್ಪು ಬೊಟ್ಟು ನಳಿಗೆಯ ನಟ್ಟನಡುವೆ ಕಂಡ ಮೇಲೆ, ಕೋವಿ ಕದಲಿಸದೆ ಟರೆಟ್ (ಸ್ಕೋಪಿನ ಮೇಲೂ ಪಕ್ಕದಲ್ಲೂ ಇರುವ ತಿರುಪು) ತಿರುಗಿಸಿ, ಸ್ಕೋಪಿನೊಳಗೆ ಕಾಣುವ ಗೆರೆಗಳಾದ ಕ್ರಾಸ್‌ಹೇರನ್ನು ಅದೇ ಬೊಟ್ಟಿಗೆ ತನ್ನಿ. ಎಡವುವುದು ಇಲ್ಲೇ: ಟರೆಟ್ ಮೇಲಿನ ‘ಅಪ್’ ಬಾಣ ಗುಂಡಿನದು, ಕ್ರಾಸ್‌ಹೇರಿನದಲ್ಲ. ಕ್ರಾಸ್‌ಹೇರ್ ಕೆಳಗಿಳಿಯಬೇಕಾದರೆ ‘ಅಪ್’ ಕಡೆಗೇ ತಿರುಗಿಸಬೇಕು.

ತೋಟೆಯಾಕಾರದ ಲೇಸರ್ ಬೇಗ ಮುಗಿಯುವ ಕೆಲಸ. ಹಿಂದಿನಿಂದ ನಳಿಗೆ ನೋಡಲಾಗದ ಸೆಮಿ ಆಟೊಮ್ಯಾಟಿಕ್‌ಗೆ ಅದೇ ಗತಿ. ಆದರೆ ಅಗ್ಗದ ಲೇಸರಿನ ಕಿರಣವೇ ಓರೆಯಾಗಿರುತ್ತದೆ. ಚೇಂಬರಿನಲ್ಲಿಟ್ಟು ಕಾಲು ಕಾಲು ಸುತ್ತು ತಿರುಗಿಸಿ ನೋಡಿ, ಚುಕ್ಕೆ ಗುರಿಯ ಮೇಲೆ ವೃತ್ತ ಬರೆದರೆ ಆ ವೃತ್ತದ ನಡುವನ್ನು ನಂಬಿ, ಚುಕ್ಕೆಯನ್ನಲ್ಲ. ಬಿಸಿಲಿನಲ್ಲಿ 25 ಮೀಟರಿಗೇ ಚುಕ್ಕೆ ಮಾಯ. ಕೆಲಸ ಮುಗಿದೊಡನೆ ಅದನ್ನು ಹೊರಗೆ ತೆಗೆದು, ಚೇಂಬರನ್ನು ಮತ್ತೆ ನೋಡಿ.

ಯಾವುದು ಮಾಡಿದರೂ ಗುಂಡು ಕಾಗದಕ್ಕೆ ಬೀಳುವಷ್ಟು ಮಾತ್ರ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವಲ್ಲಿ 3 ಗುಂಡು ಹೊಡೆದು, ಮೂರರ ನಡುವಿನಿಂದ ಅಳೆಯಿರಿ. ಟರೆಟ್ಟಿನ ಒಂದು ಕ್ಲಿಕ್ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಆದರೆ, 25 ಮೀಟರಿನಲ್ಲಿ ಅದು 1.8 ಮಿ.ಮೀ.; 4 ಸೆಂ.ಮೀ. ಕೆಳಗೆ ಬಿದ್ದಿದ್ದರೆ 22 ಕ್ಲಿಕ್. 100 ಮೀಟರಿನಲ್ಲಿ ಅದೇ ಕ್ಲಿಕ್ 7.3 ಮಿ.ಮೀ.

ಇದಕ್ಕೆಲ್ಲ ಮೊದಲೇ ಕ್ರಾಸ್‌ಹೇರ್ ನೆಟ್ಟಗಿರಬೇಕು. ಟರೆಟ್ ಮುಚ್ಚಳದ ಮೇಲೆ ರಸಮಟ್ಟ ಇಡುವುದು ಸುಲಭ, ಆದರೆ ಮುಚ್ಚಳವೂ ಒಳಗಿನ ಗೆರೆಯೂ ಒಂದೇ ಮಟ್ಟದಲ್ಲಿರುತ್ತವೆ ಎಂಬ ಭರವಸೆಯಿಲ್ಲ. ರಸಮಟ್ಟದಿಂದ ಕೋವಿಯನ್ನಷ್ಟೇ ಮಟ್ಟ ಮಾಡಿ. ಗೆರೆಗೆ ಗಾರೆಯವರ ತೂಗುಗುಂಡೇ ವಾಸಿ. ಬಿಳಿ ದಾರಕ್ಕೆ ಕಟ್ಟಿ, ಗಾಳಿಗೆ ತೂಗದಂತೆ ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ನಿಂತ ಗೆರೆಯನ್ನು ದಾರಕ್ಕೆ ಹೊಂದಿಸಿ. 2 ಡಿಗ್ರಿ ವಾರೆ ಇದ್ದರೆ, 1 ಮೀಟರ್ ಎತ್ತರ ತಿದ್ದಿದಾಗ ಗುಂಡು 3.5 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಸ್ಕೋಪಿನ ಟ್ಯೂಬನ್ನು ಹಿಡಿದಿರುವ ರಿಂಗ್‌ಗಳ ಸ್ಕ್ರೂಗಳನ್ನು ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಬಿಗಿದು ದಾರವನ್ನು ಮತ್ತೊಮ್ಮೆ ನೋಡಿ. ಒಂದೇ ಬದಿ ಮೊದಲು ಬಿಗಿದಿದ್ದರೆ ಟ್ಯೂಬ್ ಆ ಕಡೆಗೆ ಹೊರಳಿರುತ್ತದೆ.