ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು: ಹಳೆ ಕಾರಿನವರು ಹುಷಾರು

ಒಂದು ರಬ್ಬರ್ ಪ್ಯಾಕಿಂಗ್, ಹೆಬ್ಬೆರಳಿನಷ್ಟು ದೊಡ್ಡ ಒಂದು ವಾಲ್ವ್. ಇವೆರಡನ್ನು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಗೇರ್‌ಬಾಕ್ಸ್ ಬಿಚ್ಚಿಸಿದೆ. ಅಷ್ಟಕ್ಕೇ ನಿಲ್ಲದೆ ಇಂಜಿನ್ನನ್ನೇ ಹಾಳುಮಾಡಿಕೊಳ್ಳುವುದರಲ್ಲಿದ್ದೆ. ನಿಮ್ಮ ಕಾರಿನ ಕೆಳಗೂ ಆಯಿಲ್ ಹನಿ ಬೀಳುತ್ತಿದ್ದರೆ, ಸ್ಪ್ಯಾನರ್ ಮುಟ್ಟಿಸುವ ಮುಂಚೆ ಇದನ್ನು ಓದಿ.

ನನ್ನದು 16 ವರ್ಷದ ಪೆಟ್ರೋಲ್ ಕಾರು. ಒಂದು ದಿನ ಬೆಳಿಗ್ಗೆ ಗಾಡಿ ತೆಗೆದಾಗ ನೆಲದ ಮೇಲೆ ಕಪ್ಪಗೆ ನಾಲ್ಕೈದು ಹನಿ ಕಂಡವು. ಬಗ್ಗಿ ನೋಡಿದರೆ ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ ಒಂದು ಹನಿ ಬೀಳಲೋ ಬೇಡವೋ ಅಂತ ನೇತಾಡುತ್ತಿತ್ತು. ಗಾಡಿ ನಿಲ್ಲಿಸಿದಾಗೆಲ್ಲ ಸುಟ್ಟ ಎಣ್ಣೆಯ ವಾಸನೆ ಬೇರೆ ಬರುತ್ತಿತ್ತು. ಆ ವಾಸನೆಯ ವಿಷಯ ಮೇಸ್ತ್ರಿಗೆ ಹೇಳಲೇ ಇಲ್ಲ ನಾನು. ಹೇಳಿದ್ದರೆ ಕಥೆ ಬೇರೆಯೇ ಆಗುತ್ತಿತ್ತೇನೋ.

ಮೇಸ್ತ್ರಿ ಕಾರಿನ ಕೆಳಗೆ ನುಸುಳಿ, ಟಾರ್ಚ್ ಬಿಟ್ಟು ನೋಡಿ, ಎರಡು ನಿಮಿಷಕ್ಕೆ ಎದ್ದು ಬಂದರು. "ಸಾರ್, ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಇಳಿಸಲೇಬೇಕು." ಆ ಸೀಲ್ ಅಂದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿ ಆಯಿಲ್ ತಡೆಯುವ ಒಂದು ರಬ್ಬರ್ ಬಳೆ ಅಷ್ಟೆ, ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸು, ಕ್ಲಚ್ಚು, ಫ್ಲೈವೀಲು ಎಲ್ಲ ಕಳಚಬೇಕು. ಹೇಗೂ ಬಿಚ್ಚಿದ್ದೇವಲ್ಲ ಅಂತ ಕ್ಲಚ್ ಪ್ಲೇಟನ್ನೂ ಹೊಸದು ಹಾಕಿದರು. ಎಲ್ಲದಕ್ಕೂ ಹೂಂ ಅಂದೆ. ಗಾಡಿ ಮೂರು ದಿನ ಅಲ್ಲೇ ಇತ್ತು, ಬಿಲ್ಲೂ ದೊಡ್ಡದಾಯಿತು. ವಾಪಸ್ ಬಂದ ಒಂದೇ ವಾರಕ್ಕೆ ಅದೇ ಜಾಗದಲ್ಲಿ ಅದೇ ಹನಿ.

"ಹಂಗಾದ್ರೆ ಚೇಂಬರ್ ಪ್ಯಾಕಿಂಗೇ ಇರ್ಬೇಕು ಸಾರ್" ಅಂದರು. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದರು. ಅಂಚಿನ ಸುತ್ತ ಗ್ಯಾಸ್ಕೆಟ್ ಪೇಸ್ಟನ್ನು ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದ ಹಾಗೆ ಮೆತ್ತಿದರು. ಬೋಲ್ಟ್ ಬಿಗಿದ ಹಾಗೆಲ್ಲ ಜಾಸ್ತಿಯಾದ ಪೇಸ್ಟ್ ಹೊರಗೆ ದಪ್ಪ ದಾರದಂತೆ ಬಂತು. ಅದನ್ನು ಬೆರಳಲ್ಲಿ ಸವರಿ ಒರೆಸಿದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಹೊರಗೆ ಇಷ್ಟು ಬಂದಿದ್ದರೆ ಒಳಗೂ ಇಷ್ಟೇ ಹೋಗಿರಬೇಕಲ್ವಾ? ಆಗ ಹೊಳೆಯಲಿಲ್ಲ. ಪೇಸ್ಟ್ ಒಣಗುವ ಮೊದಲೇ ಆಯಿಲ್ ಸುರಿದು ಗಾಡಿ ಕೊಟ್ಟರು.

ಸೋರುವುದು ನಿಲ್ಲಲಿಲ್ಲ. ಅಂಗಡಿಯಲ್ಲಿ ಸಿಗುವ, ಸೋರಿಕೆ ನಿಲ್ಲಿಸುತ್ತದೆ ಅನ್ನುವ ದ್ರಾವಣವನ್ನೂ ಒಂದು ಡಬ್ಬಿ ಸುರಿದೆ. ಅದು ರಬ್ಬರನ್ನು ಒಂಚೂರು ಮೆತ್ತಗೆ ಮಾಡಿ ಉಬ್ಬಿಸುತ್ತದೆ, ಬಿರುಕು ಬಿಟ್ಟ ರಬ್ಬರಿಗೆ ಏನು ಮಾಡೀತು? ದುಡ್ಡು ದಂಡ.

ಒಂದು ತಿಂಗಳಾಗಿತ್ತು. ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ, ಅಂದರೆ ಐಡಲ್‌ನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಮಿಣುಕತೊಡಗಿತು. ಇಳಿದು ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಸರಿಯಾಗೇ ಇತ್ತು. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ಮತ್ತೆ 12 ಕಿಲೋಮೀಟರ್ ಓಡಿಸಿದೆ. ಇಡೀ ಪ್ರಕರಣದಲ್ಲಿ ನನ್ನ ಅತಿ ದೊಡ್ಡ ಪೆದ್ದುತನ ಇದೇ. ಆ ಕೆಂಪು ಲೈಟ್ ಹೇಳುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಪ್ರೆಶರ್ ಇಲ್ಲ ಅಂತ. ಚೇಂಬರ್ ತುಂಬ ಆಯಿಲ್ ಇದ್ದರೂ ಪಂಪ್ ಅದನ್ನು ಎಳೆಯದಿದ್ದರೆ ಬೇರಿಂಗ್ ಒಣಗುತ್ತವೆ. ಲೈಟ್ ಬಂದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು, ಅಷ್ಟೆ. ನಾನು ಆಫ್ ಮಾಡಿದ್ದು ತಲೆಭಾಗದಿಂದ ಟಕಟಕ ಸದ್ದು ಶುರುವಾದ ಮೇಲೆ.

ಗಾಡಿ ಎಳೆಸಿಕೊಂಡು ಬೇರೆ ಮೇಸ್ತ್ರಿ ಹತ್ತಿರ ಹೋದೆ. ಅವರು ಚೇಂಬರ್ ಇಳಿಸಿ ಆಯಿಲ್ ಸ್ಟ್ರೇನರನ್ನು, ಅಂದರೆ ಪಂಪ್ ಆಯಿಲ್ ಎಳೆಯುವ ಬಾಯಿಗಿರುವ ಜಾಲರಿಯನ್ನು, ನನ್ನ ಕೈಗೆ ಕೊಟ್ಟರು. ಜಾಲರಿಗೆ ಪೇಸ್ಟಿನ ತುಣುಕುಗಳು ಹುಳದ ಹಾಗೆ ಅಂಟಿಕೊಂಡಿದ್ದವು. ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿತ್ತು. ಎಲ್ಲ ತೊಳೆದು, ಗೇಜ್ ಹಾಕಿ ಪ್ರೆಶರ್ ನೋಡಿದರು. ಸದ್ಯ, ಬೇರಿಂಗ್ ಉಳಿದಿದ್ದವು.

ಸೋರಿಕೆಯ ಮಾತು ಬಂದಾಗ ಇವರು ಕಾರಿನ ಕೆಳಗೆ ಹೋಗಲೇ ಇಲ್ಲ. ಮೊದಲು ಇಂಜಿನ್ನಿನ ಜಿಡ್ಡೆಲ್ಲ ತೊಳೆದು ಒಣಗಿಸಿದರು. ಇಪ್ಪತ್ತು ನಿಮಿಷ ಓಡಿಸಿಕೊಂಡು ಬನ್ನಿ ಅಂದರು. ಬಂದ ಮೇಲೆ ಸಣ್ಣ ಕನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರು. ಇಂಜಿನ್ನಿನ ನೆತ್ತಿಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಹಿಂದಿನ ಅಂಚಿನಲ್ಲಿ ತೆಳ್ಳಗೆ ಹೊಳೆಯುವ ಒಂದು ಗೆರೆ. ಅಲ್ಲಿಂದ ಆಯಿಲ್ ಇಂಜಿನ್ ಬೆನ್ನ ಮೇಲೆ ಇಳಿದು, ಒಂದಿಷ್ಟು ಸೈಲೆನ್ಸರ್ ಮ್ಯಾನಿಫೋಲ್ಡ್ (ಇಂಜಿನ್ನಿನ ಬಿಸಿ ಹೊಗೆ ಹೊರಬರುವ ಕೊಳವೆ) ಮೇಲೆ ಬಿದ್ದು ಸುಡುತ್ತಿತ್ತು. ಆ ವಾಸನೆ ಅದರದ್ದೇ. ಮ್ಯಾನಿಫೋಲ್ಡ್ ಮೇಲೆ ಆಯಿಲ್ ಬಿದ್ದರೆ ಬೆಂಕಿ ಹತ್ತಲೂಬಹುದು, ಅದನ್ನು ಸುಮ್ನೆ ಬಿಡಬೇಡಿ. ಮಿಕ್ಕ ಆಯಿಲ್ ಗೇರ್‌ಬಾಕ್ಸ್ ಅಂಚಿಗೆ ಬಂದು ಹನಿಯಾಗುತ್ತಿತ್ತು. ಆಯಿಲ್ ಕೆಳಗೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗ ಹುಡುಕಬೇಕಂತೆ.

ಕವರ್ ತೆಗೆದಾಗ ಪ್ಯಾಕಿಂಗ್ ಲಟಕ್ ಅಂತ ಮುರಿಯಿತು. ರಬ್ಬರ್ ಅನ್ನುವ ಗುಣವೇ ಉಳಿದಿರಲಿಲ್ಲ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಕವರ್ ತೆಗೆಯುವ ಮೊದಲೇ, ಇಂಜಿನ್ ಐಡಲ್‌ನಲ್ಲಿರುವಾಗ, ಆಯಿಲ್ ಹಾಕುವ ಮುಚ್ಚಳ ತೆಗೆಸಿ ನೋಡಿದ್ದರು. ಬುಸ್ ಬುಸ್ ಅಂತ ಹೊಗೆ ಒತ್ತಿಕೊಂಡು ಬರುತ್ತಿತ್ತು. ಪಿಸಿವಿ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಆಡುವ ಪುಟ್ಟ ತುಂಡು ಗಲಗಲ ಅನ್ನಬೇಕಿತ್ತು, ಸದ್ದೇ ಇಲ್ಲ. ಮಡ್ಡಿ ಕಟ್ಟಿ ಕಚ್ಚಿಕೊಂಡಿತ್ತು. ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ ಇಳಿಯುವ ಗ್ಯಾಸ್ ಈ ವಾಲ್ವ್ ಮೂಲಕ ಹೊರಹೋಗಬೇಕು. ದಾರಿ ಮುಚ್ಚಿದರೆ ಒತ್ತಡ ಹೆಚ್ಚಾಗಿ ಎಲ್ಲಿ ಸೀಲ್ ಸಡಿಲವೋ ಅಲ್ಲಿಂದ ಆಯಿಲ್ಲನ್ನು ತಳ್ಳುತ್ತದೆ. ಬರೀ ಪ್ಯಾಕಿಂಗ್ ಬದಲಿಸಿದ್ದರೆ ಆಮೇಲೆ ಇನ್ನೊಂದು ಕಡೆ ಸೋರುತ್ತಿತ್ತು.

ಹೊಸ ಪ್ಯಾಕಿಂಗ್ ಕೂರಿಸಿ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಲ್ಲಿ ಬಿಗಿದರು. ನನ್ನ ಇಂಜಿನ್ನಿಗೆ 10 ನ್ಯೂಟನ್ ಮೀಟರ್, ಅಂದರೆ ಮಣಿಕಟ್ಟಿನ ಬಲ ಸಾಕು. ಇನ್ನೂ ಬಿಗಿದರೆ ಪ್ಯಾಕಿಂಗ್ ನಲುಗಿ, ಕವರ್ ಬಾಗಿ, ಮತ್ತೆ ಸೋರುತ್ತದೆ. ಪೇಸ್ಟ್ ಹಚ್ಚಿದ್ದು ಎರಡು ಮೂಲೆಗೆ, ಒಂದೊಂದು ಬೊಟ್ಟು.

ಮೊದಲಿನ ಮೇಸ್ತ್ರಿ ಹಳೆ ಕ್ಲಚ್ ಪ್ಲೇಟನ್ನು ಡಿಕ್ಕಿಯಲ್ಲೇ ಹಾಕಿ ಕೊಟ್ಟಿದ್ದರು. ಇವರು ಅದನ್ನು ತೆಗೆದು ತಿರುಗಿಸಿ ನೋಡಿದರು, ಬೆರಳಿನಿಂದ ಸವರಿದರು. "ಸರ್, ಆ ಸೀಲ್ ಅಷ್ಟು ಸೋರುತ್ತಿದ್ದರೆ ಇದಕ್ಕೆ ಒಂದು ಕಲೆಯಾದರೂ ಆಗಬೇಕಿತ್ತಲ್ಲ?" ಅಂದರು. ಬೆರಳ ತುದಿಯಲ್ಲಿ ಬರೀ ಒಣ ಧೂಳಿತ್ತು.