ಸೆಟ್ರಿಜಿನ್ 10: ಗುಳಿಗೆ ಚಲೋ, ತಕರಾರು ಕತ್ತರಿಯದ್ದು

ಗಂಗಾವತಿ, ಕಾರಟಗಿ ಕಡೆ ಡ್ಯಾಮಿನಲ್ಲಿ ನೀರಿದ್ದ ವರ್ಷ ಭತ್ತದ ಕಟಾವು ಎರಡು ಸಲ, ಸೀನಿನ ಸುಗ್ಗಿಯೂ ಎರಡು ಸಲ. ಕಟಾವು ಮಷಿನ್ ಎಬ್ಬಿಸುವ ಸುಂಕಿಗೆ ಮೂಗು ಸೋರುವವರ ಮನೆಯಲ್ಲಿ ಸೆಟ್ರಿಜಿನ್ 10 ಮಿಲಿಗ್ರಾಂ ಎಂಬ ಈ ಅಲರ್ಜಿ ಗುಳಿಗೆ ಉಪ್ಪಿನ ಡಬ್ಬಿಯಷ್ಟೇ ಸಾಮಾನ್ಯ.

ಕೆಲಸದಲ್ಲಿ ಮೋಸವಿಲ್ಲ. ತಾಸಿನೊಳಗೆ ಸೀನು, ಕಣ್ಣಿನ ತುರಿಕೆ ಇಳಿಯುತ್ತವೆ, ದೊಡ್ಡವರಿಗೆ ದಿನಕ್ಕೆ ಒಂದು ಸಾಕು. ಕಟ್ಟಿದ ಮೂಗು ಮಾತ್ರ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಅದಕ್ಕೆ ವೈದ್ಯರು ಬರೆಯುವ ಸ್ಟೆರಾಯ್ಡ್ ಸ್ಪ್ರೇ ಮೇಲು. ನಾಲಿಗೆ ಊದಿ ಉಸಿರು ಕಟ್ಟಿದರೆ ಗುಳಿಗೆ ಹುಡುಕುತ್ತ ಕೂಡಬಾರದು, 108ಕ್ಕೆ ಫೋನ್ ಮಾಡಬೇಕು.

ನುಂಗಲು ರಾತ್ರಿಯೇ ಲೇಸು. ಅಂಗಿಯನ್ನು ಅಂಗಳದಲ್ಲೇ ಜಾಡಿಸಿ, ತಲೆಗೆ ನೀರು ಹಾಕಿಕೊಂಡು ಕೂದಲಿನ ಸುಂಕು ತೊಳೆದು, ಊಟ ಮುಗಿಸಿ, ಒಂದು ಲೋಟ ನೀರಿನ ಜೊತೆ ಗುಳಿಗೆ, ಆಮೇಲೆ ಹಾಸಿಗೆ. ಗುಳಿಗೆ ತರುವ ಮಂಪರು ನಿದ್ದೆಯಲ್ಲೇ ಕಳೆಯುತ್ತದೆ. ಬೆಳಿಗ್ಗೆಗೂ ಉಳಿದರೆ ಬೈಕು, ಟ್ರ್ಯಾಕ್ಟರ್ ಮುಟ್ಟದೆ ವೈದ್ಯರಲ್ಲಿ ಫೆಕ್ಸೊಫೆನಡಿನ್ ಎಂಬ, ಮಂಪರು ಕಡಿಮೆ ಇರುವ ಇನ್ನೊಂದು ಅಲರ್ಜಿ ಗುಳಿಗೆಯ ಬಗ್ಗೆ ಕೇಳಿ. ಅದನ್ನು ಬರೀ ನೀರಿನಲ್ಲಿ ನುಂಗಬೇಕು, ಹಣ್ಣಿನ ರಸದ ಜೊತೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೆಟ್ರಿಜಿನ್ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗುವುದರಿಂದ ಕಿಡ್ನಿ ತೊಂದರೆ ಇದ್ದವರಿಗೆ ವೈದ್ಯರು ಡೋಸ್ ಇಳಿಸುತ್ತಾರೆ. ತಿಂಗಳುಗಟ್ಟಲೆ ದಿನಾ ನುಂಗಿ ನಿಲ್ಲಿಸಿದಾಗ ಅಪರೂಪಕ್ಕೆ ಕೆಲವರಿಗೆ ವಿಪರೀತ ತುರಿಕೆ ಏಳುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಎಚ್ಚರಿಸಿದೆ. ಅದನ್ನು ಹಳೇ ಅಲರ್ಜಿ ಎಂದುಕೊಂಡು ಮತ್ತೆ ಗುಳಿಗೆಗೆ ಕೈಹಾಕುವ ಬದಲು ವೈದ್ಯರಿಗೆ ಹೇಳಿ.

ಇನ್ನು ಆ ಕತ್ತರಿ. ಎರಡು ಗುಳಿಗೆ ಕೇಳಿದರೆ ಮೆಡಿಕಲ್ ಶಾಪಿನಲ್ಲಿ ಹತ್ತರ ಶೀಟನ್ನು ಚಕ್ಕನೆ ಕತ್ತರಿಸುತ್ತಾರೆ. ಅವಧಿಯ ದಿನಾಂಕ ಅವರ ಡಬ್ಬಿಯಲ್ಲೇ ಉಳಿಯುತ್ತದೆ, ನಮ್ಮ ಕೈಗೆ ಬರುವುದು ಹೆಸರಿನ ಬಾಲ. ಅದೇ ಕವರಿನಲ್ಲಿ ನೆಗಡಿ ಗುಳಿಗೆಯ ತುಂಡೂ ಇರುತ್ತದೆ. ನೆಗಡಿ ಗುಳಿಗೆ ಎಂದರೆ ಬಹುತೇಕ ಪ್ಯಾರಾಸಿಟಮಾಲ್ ಜೊತೆ ಕ್ಲೋರ್‌ಫೆನಿರಮೈನ್, ಅದೂ ಅಲರ್ಜಿ ಮದ್ದೇ, ಹಳೇ ತಲೆಮಾರಿನದು, ನಿದ್ದೆ ಇನ್ನೂ ಜಾಸ್ತಿ. ವಯಸ್ಸಾದ ಗಂಡಸರಿಗೆ ಮೂತ್ರವನ್ನೂ ಕಟ್ಟಿಸಬಲ್ಲದು. ಲೆವೊಸೆಟ್ರಿಜಿನ್ 5 ಎಂದರಂತೂ ಸೆಟ್ರಿಜಿನ್ನಿನದೇ ಕೆಲಸಗಾರ ಭಾಗ. ಬೇರೆ ಬೇರೆ ಬಣ್ಣದ ತುಂಡುಗಳೆಂದು ಒಟ್ಟಿಗೆ ನುಂಗಿದರೆ ಡೋಸ್ ದುಪ್ಪಟ್ಟು, ಮೇಲೆ ಕುಡಿತವೂ ಸೇರಿದರೆ ಕೇಳುವುದೇ ಬೇಡ.

ಅಂಗಡಿಯವರನ್ನಷ್ಟೇ ಬೈದು ಫಲವಿಲ್ಲ ಬಿಡಿ, 'ಎರಡೇ ಕೊಡ್ರಿ' ಅನ್ನುವವರು ನಾವೇ. ಜನೌಷಧಿ ಕೇಂದ್ರದಲ್ಲಿ ಇಡೀ ಶೀಟೂ ಅಗ್ಗ. ಶೀಟಿನಲ್ಲಿ ದಿನಾಂಕ ಅಚ್ಚಾದ ತುದಿಯನ್ನು ಬಿಟ್ಟು ಇನ್ನೊಂದು ತುದಿಯಿಂದ ಒಂದೊಂದೇ ಒತ್ತಿ ತೆಗೆಯಿರಿ, ಕೊನೆಯ ಗುಳಿಗೆಯವರೆಗೂ ದಿನಾಂಕ ಕಣ್ಣಮುಂದಿರುತ್ತದೆ. ಕತ್ತರಿಸಿಯೇ ಕೊಟ್ಟರೆ ಕವರಿನ ಮೇಲೆ ಹೆಸರು, ಮಿಲಿಗ್ರಾಂ, ಅವಧಿ ಮೂರನ್ನೂ ಅಲ್ಲೇ ಪೆನ್ನಿನಲ್ಲಿ ಬರೆಸಿಕೊಳ್ಳಿ.