ಪೌಚಿನ ನಡುವೆ ಏನಿಡಬೇಕು? ಸ್ಪಂಜು, ಪಾಲಿಯೆಸ್ಟರ್, ಹಳೆ ಸೀರೆ

ಉಳಿದ ಬ್ಲೌಸ್ ತುಂಡುಗಳಿಂದ ಪೌಚ್ ಹೊಲಿಯುವಾಗ ನಮ್ಮ ಗಮನವೆಲ್ಲ ಮೇಲಿನ ಬಟ್ಟೆಯ ಮೇಲೇ ಇರುತ್ತದೆ. ಯಾವ ಬಣ್ಣಕ್ಕೆ ಯಾವ ಅಂಚು, ಖಣದ (ಬುಟ್ಟಾ ನೇಯ್ದ ರವಿಕೆ ಬಟ್ಟೆಯ) ಪಕ್ಕ ಯಾವುದು ಚೆಂದ ಅಂತ. ಆದರೆ ಪೌಚ್ ಎಷ್ಟು ಬಾಳುತ್ತದೆ, ಒದ್ದೆಯಾದರೆ ಎಷ್ಟು ಬೇಗ ಒಣಗುತ್ತದೆ ಅನ್ನುವುದೆಲ್ಲ ನಡುವಿನ ಪದರದ ಕೈಯಲ್ಲಿದೆ. ಅದನ್ನು ನೋಡಲೆಂದೇ ಒಂದೇ ಅಳತೆಯ ಮೂರು ಪೌಚ್ ಹೊಲಿದೆ. 9 ಇಂಚು ಅಗಲ, 6 ಇಂಚು ಎತ್ತರ. ಮೇಲೆ ಗುಳೇದಗುಡ್ಡದ ಖಣ, ಒಳಗೆ ತೆಳು ಕಾಟನ್ ಲೈನಿಂಗ್. ನಡುವೆ ಒಂದಕ್ಕೆ ಸ್ಪಂಜ್ ಶೀಟ್, ಇನ್ನೊಂದಕ್ಕೆ ಪಾಲಿಯೆಸ್ಟರ್ ಹತ್ತಿಯ (ಹತ್ತಿಯ ಹಾಗೆ ಉಬ್ಬಿರುವ ಪಾಲಿಯೆಸ್ಟರ್ ನಾರಿನ) ಶೀಟ್, ಮತ್ತೊಂದಕ್ಕೆ ಹಳೆ ಕಾಟನ್ ಸೀರೆಯ ನಾಲ್ಕು ಪದರ. ಮೂರನ್ನೂ ಮಳೆಗಾಲದ ರಾತ್ರಿ ಬಸ್ಸುಗಳಲ್ಲಿ ಚೆನ್ನಾಗಿ ಬಳಸಿದ್ದೇನೆ.

ನೋಡಿದ ತಕ್ಷಣ ಮನಸ್ಸಿಗೆ ಹಿಡಿಸುವುದು ಸ್ಪಂಜಿನದೇ. ನೆಟ್ಟಗೆ ನಿಲ್ಲುತ್ತದೆ, ಅಂಗಡಿಯದರ ಹಾಗೆ ಕಾಣುತ್ತದೆ. ಕನ್ನಡಕ, ಚಾರ್ಜರ್ ಇಡೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಹೊಲಿಯುವಾಗ ಮಾತ್ರ ಮೆಷೀನಿನ ಹಲ್ಲಿಗೆ ಅಂಟಿಕೊಂಡು ಮುಂದೆ ಸರಿಯುವುದಿಲ್ಲ. ಅದರ ಕೆಳಗೆ ಹಳೆ ಪಂಚೆಯ ತುಂಡು ಇಟ್ಟರೆ ಸಲೀಸಾಗಿ ಹೋಗುತ್ತದೆ. ದೊಡ್ಡ ತೊಂದರೆ ನೀರಿನದು. ಒಳಗೆ ಶಾಂಪೂ ಚೆಲ್ಲಿದ ಮೇಲೆ ಎಷ್ಟು ಹಿಂಡಿದರೂ ನೊರೆ ಬರುತ್ತಲೇ ಇತ್ತು. ಮಲೆನಾಡಿನ ಮಳೆಯಲ್ಲಿ ಅದು ಒಣಗಲೇ ಇಲ್ಲ, ಮುಗ್ಗಲು ವಾಸನೆ ಹಿಡಿಯಿತು. ಸ್ನಾನದ ಸಾಮಾನಿಗೆ ಸ್ಪಂಜು ಬೇಡವೇ ಬೇಡ.

ಪಾಲಿಯೆಸ್ಟರ್ ಹಗುರ, ಹೊಲಿಯೋಕೂ ಸುಲಭ. ಮೂರರಲ್ಲಿ ಬೇಗ ಒಣಗುವುದೂ ಇದೇ. ಆದರೆ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರಕ್ಕೂ ತರಬೇಡಿ, ಬಿಸಿ ತಾಗಿದರೆ ಉಬ್ಬು ಚಪ್ಪಟೆಯಾಗಿಬಿಡುತ್ತದೆ. ಹೊಲಿಗೆ ಸಾಲುಗಳು ದೂರ ದೂರ ಇದ್ದರೆ ಒಗೆದಾಗ ಹತ್ತಿ ಒಂದು ಕಡೆ ಸರಿದು ಗಂಟಾಗುತ್ತದೆ. ಸಾಲುಗಳ ನಡುವೆ ಒಂದೂವರೆ ಇಂಚಿಗಿಂತ ಜಾಸ್ತಿ ಬಿಡದಿದ್ದರೆ ಒಳ್ಳೆಯದು.

ನನ್ನ ಮನಸ್ಸು ನಿಂತಿರುವುದು ಹಳೆ ಸೀರೆಯ ಪೌಚಿನ ಮೇಲೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊದೆಯುವ ಕೌದಿ ಹೊಲಿಯುವುದೇ ಹೀಗೆ, ಹಳೆ ಸೀರೆ, ಪಂಚೆ ಪದರ ಪದರವಾಗಿ ಹಾಸಿ, ಕೈಯಲ್ಲಿ ಸಾಲು ಹೊಲಿಗೆ ಹಾಕಿ. ಹತ್ತಾರು ಸಲ ಒಗೆದ ಸೀರೆ ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ. ಹೊಸ ಬಟ್ಟೆಯನ್ನಾದರೆ ನೆನೆಸಿ ಒಣಗಿಸಿಯೇ ಬಳಸಬೇಕು. ಇಲ್ಲಿ ಆ ಕೆಲಸವೂ ಇಲ್ಲ.

ಖಣದ ಮೇಲೆ ಕೈಹೊಲಿಗೆ ಹಾಕುವಾಗ ಒಂದು ಖುಷಿಯ ಸಂಗತಿ ಕಂಡೆ. ಗೆರೆ ಎಳೆಯುವುದೇ ಬೇಕಿಲ್ಲ. ನೇಯ್ದ ಬುಟ್ಟಾಗಳೇ ಸಾಲಾಗಿ ಬರುತ್ತವಲ್ಲ, ಎರಡು ಸಾಲಿನ ನಡುವೆ ಸೂಜಿ ಓಡಿಸಿದರೆ ಆಯಿತು. ಎರಡೆಳೆ ಕಾಟನ್ ದಾರ, ಅರ್ಧ ಇಂಚಿಗೊಂದು ಸಾಲು. ಇಷ್ಟು ಒತ್ತಾಗಿ ಹೊಲಿದರೆ ಒಳಗಿನ ಪದರ ಅಲ್ಲಾಡುವುದಿಲ್ಲ. ಒಗೆದಷ್ಟೂ ಮೆತ್ತಗಾಗುತ್ತದೆ, ಖಾಲಿ ಇದ್ದಾಗ ಕರ್ಚೀಫಿನ ಹಾಗೆ ಮಡಿಚಿ ಬ್ಯಾಗಿನ ಮೂಲೆಗೆ ತುರುಕಬಹುದು. ಎಲ್ಲಾದರೂ ಹರಿದರೆ ಮೇಲೊಂದು ತೇಪೆ ಹಾಕಿದರಾಯಿತು, ತೇಪೆಯೂ ಕೌದಿಯ ಅಂದಕ್ಕೇ ಸೇರುತ್ತದೆ. ಇದೊಂದು ಕಾರಣಕ್ಕೇ ನಾನು ಇದನ್ನು ಮೊದಲ ಸ್ಥಾನದಲ್ಲಿ ಇಡುತ್ತೇನೆ. ಉಳಿದೆರಡು ಕೆಟ್ಟರೆ ಬಿಸಾಡಬೇಕಷ್ಟೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳನ್ನು ಗಮನಿಸಿ. ಬಟ್ಟೆ ಮಡಿಚಿ ಮಾಡಿದ ತ್ರಿಕೋನಗಳನ್ನು ಅಲ್ಲಿಟ್ಟು ಹೊಲಿದಿರುತ್ತಾರೆ. ಅದನ್ನು ಫೂಲ ಅನ್ನುತ್ತಾರೆ. ಪೌಚಿನಲ್ಲಿ ಮೊದಲು ಸವೆಯುವುದು ಮೂಲೆಯೇ ಅಲ್ವಾ? ಕೆಳಗಿನ ಎರಡು ಮೂಲೆಗೆ ಹಾಗೊಂದೊಂದು ತ್ರಿಕೋನ ಇಟ್ಟು ಹೊಲಿದೆ. ಅಂದಕ್ಕೆ ಅಂದ, ಬಲಕ್ಕೆ ಬಲ.

ಸೀರೆ ಪೌಚಿಗೆ ಸಮಯ ಜಾಸ್ತಿ ಹಿಡಿಯುತ್ತದೆ, ಅದು ನಿಜ. ಉಳಿದೆರಡು ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತವೆ, ಇದಕ್ಕೆ ಕೆಲವು ಸಂಜೆಗಳು ಬೇಕು. ಒಡೆಯುವ ವಸ್ತುವಿಗೆ ಇದರಿಂದ ರಕ್ಷಣೆಯೂ ಕಡಿಮೆ. ಹಾಗಾಗಿ ಕನ್ನಡಕ ಈಗಲೂ ಸ್ಪಂಜಿನ ಪೌಚಿನಲ್ಲೇ ಇದೆ.

ಪಕ್ಕದ ಜೋಡಣೆಯಲ್ಲಿ ಎರಡೂ ಬದಿಯ ಪದರ ಸೇರಿ ತುಂಬಾ ದಪ್ಪವಾಗುತ್ತದೆ. ಹೊಲಿಗೆಗೆ ಬಿಟ್ಟ ಅಂಚಿನಲ್ಲಿ ಒಳಗಿನ ಸೀರೆ ಪದರವನ್ನು ಮಾತ್ರ ಕತ್ತರಿಸಿ ತೆಗೆಯಿರಿ, 16ನೇ ನಂಬರಿನ ಸೂಜಿ ಹಾಕಿ ನಿಧಾನಕ್ಕೆ ಹೊಲಿಯಿರಿ. ಕ್ವಿಲ್ಟ್ ಮಾಡುವಾಗ, ಅಂದರೆ ಪದರಗಳನ್ನು ಸೇರಿಸಿ ಸಾಲು ಹೊಲಿಗೆ ಹಾಕುವಾಗ, ಬಟ್ಟೆ ಸ್ವಲ್ಪ ಎಳೆದುಕೊಳ್ಳುತ್ತದೆ. ಮೊದಲಿಗೆ ಎಲ್ಲ ಕಡೆ ಅರ್ಧ ಇಂಚು ಜಾಸ್ತಿ ಇಟ್ಟು, ಕೊನೆಗೆ ಅಳತೆಗೆ ಕತ್ತರಿಸಿ. ಜಿಪ್ 5ನೇ ನಂಬರಿನ ನೈಲಾನಿನದು ಸಾಕು. ಮೀಟರ್ ಲೆಕ್ಕದಲ್ಲಿ ತಂದರೆ ರನ್ನರ್ (ಜಿಪ್ ಎಳೆಯುವ ಗುಂಡಿ) ಬೇರೆ ಕೇಳಿ ತಗೊಳ್ಳಿ.